ಅರವತ್ತನೇ ಕ್ಲಿಪ್ಪು

ನನಗೆ ಗಿಟಾರ್ ನುಡಿಸಲು ಸರಿಯಾಗಿ ಬರುವುದಿಲ್ಲ. ಜಿ, ಸಿ, ಡಿ, ಇ ಮೈನರ್. ಈ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಆದಮೇಲೆ ಬೆರಳುಗಳು ಕೈ ಮುಗಿದುಬಿಡುತ್ತವೆ. ಇಂಥವನು ಗಿಟಾರ್ ಮಾಡಲು ಹೊರಟೆ. "ವೀಣೆ ಶೇಷಣ್ಣನವರಿದ್ದ ಮೈಸೂರಲ್ಲಿ ಗಿಟಾರ್ ಮಾಡ್ತೀಯೇನೋ" ಎಂದು ಅಪ್ಪ ಒಂದೇ ಮಾತು ಹೇಳಿ ಪೇಪರ್ ಓದಲು ಕುಳಿತರು.

ಗಿಟಾರಿನ ಬೆನ್ನಿಗೂ ಪಕ್ಕೆಗೂ ಬೇರೆ ದೇಶದವರು ಕೂಡ ಹುಡುಕಿಕೊಂಡು ಬರುವ ಮರ ನಮ್ಮ ಬೀಟೆ. ಇದು ಗೊತ್ತಾದ ದಿನ ಹೆಮ್ಮೆಯಾಯಿತು. ಬೆಲೆ ಕೇಳಿದ ದಿನ ಹೆಮ್ಮೆ ಇಳಿಯಿತು. ಆಗ ಮಂಡ್ಯದ ಹತ್ತಿರ ನಮ್ಮ ಊರಿನ ಮನೆಯ ಅಟ್ಟದಲ್ಲಿದ್ದ ತಾತನ ಮುರುಕು ಬೀಟೆ ಮಂಚ ನೆನಪಾಯಿತು. ಅದರ ತಲೆಹಲಗೆಯನ್ನು ಬಸ್ಸಿನಲ್ಲಿ ಹಾಕಿಕೊಂಡು ಮೈಸೂರಿಗೆ ತಂದೆ. ಸಾಮಿಲ್‌ನವರ ಮುಂದಿಟ್ಟು "ಎರಡು ಮಿಲಿಮೀಟರ್ ದಪ್ಪಕ್ಕೆ ಸೀಳಿಕೊಡಿ" ಎಂದೆ.

"ಎರಡು ಇಂಚಾ ಸಾರ್?"

"ಮಿಲಿಮೀಟರ್."

ಅವರು ಹಲಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಹಪ್ಪಳ ಮಾಡ್ತೀರಾ ಸಾರ್?"

ಕೊನೆಗೆ ಅಕ್ಕಿ ರೊಟ್ಟಿ ದಪ್ಪಕ್ಕೆ ಸೀಳಿಕೊಟ್ಟರು. ಅದನ್ನು ಹಪ್ಪಳದ ದಪ್ಪಕ್ಕೆ ತರಲು ನಾನು ಹನ್ನೊಂದು ದಿನ ಉಜ್ಜುಗೊರಡು ಹಾಕಿದೆ. ಮನೆಯ ಸೊಳ್ಳೆ ಪರದೆ, ಫ್ಯಾನು, ಒಂದು ದಿನ ಉಪ್ಪಿಟ್ಟು ಕೂಡ ಕಂದು ಬಣ್ಣಕ್ಕೆ ತಿರುಗಿತು.

ಮುಂದೆ ಪಕ್ಕೆ ಬಾಗಿಸುವುದು. ಹಲಗೆ ನೆನೆಸಿ, ಕಾದ ಕಬ್ಬಿಣದ ಪೈಪಿಗೆ ಒತ್ತಿ, ಸ್ವಲ್ಪ ಸ್ವಲ್ಪವೇ ಸೊಂಟದ ಆಕಾರಕ್ಕೆ ತರಬೇಕು. ಕುವೆಂಪುನಗರದ ನಮ್ಮ ಮನೆಯ ಮಹಡಿ ಮೇಲೆ ಪೈಪಿನೊಳಗೆ ಗ್ಯಾಸ್ ಟಾರ್ಚ್ ಹಚ್ಚಿದೆ. ಬೀಟೆ ಬಿಸಿಯಾದರೆ ಎಂಥ ಪರಿಮಳ ಗೊತ್ತಾ! ಪಕ್ಕದ ಮನೆಯ ಆಂಟಿ ಕಾಂಪೌಂಡ್ ಮೇಲಿಂದ ಇಣುಕಿ "ಏನು ಹೋಮ? ನಮ್ಮನ್ನು ಕರೆಯಲೇ ಇಲ್ಲ" ಎಂದರು. ಉತ್ತರ ಕೊಡಲು ತಿರುಗಿದೆ. ಟಪ್ ಅಂತ ಮೊದಲ ಹಲಗೆ ಮುರಿಯಿತು. ಅದೊಂಥರಾ ಪೂರ್ಣಾಹುತಿ.

ಎರಡನೆಯದು ಬಾಗಿತು. ಮೂರನೆಯದೂ ಬಾಗಿತು. ಖುಷಿಯಿಂದ ಎರಡನ್ನೂ ಅಚ್ಚಿನಲ್ಲಿ ಜೋಡಿಸಿದರೆ, ಎರಡೂ ಎಡಗಾಲಿನ ಚಪ್ಪಲಿ. ಪಕ್ಕೆಯ ಒಂದು ಅಂಚು ನೇರ, ಇನ್ನೊಂದು ಅಂಚು ಕತ್ತಿನ ಕಡೆಗೆ ಕಿರಿದು. ಹಾಗಾಗಿ ಒಂದು ಇನ್ನೊಂದರ ಕನ್ನಡಿ ಬಿಂಬದಂತೆ ಇರಬೇಕು. ನಾನು ಜೆರಾಕ್ಸ್ ತೆಗೆದಿದ್ದೆ. ಮತ್ತೆ ಅಟ್ಟ ಹತ್ತಿದೆ. ಮಂಚಕ್ಕೆ ಕಾಲಿನ ಕಡೆಯೂ ಒಂದು ಹಲಗೆ ಇತ್ತಲ್ಲ, ತಾತ ದೊಡ್ಡವರು.

ಇಷ್ಟರಲ್ಲಿ ಆಷಾಢ ಬಂತು. ಪಕ್ಕೆಯ ಒಳ ಅಂಚಿಗೆ ತೆಳ್ಳನೆಯ ಪಟ್ಟಿ ಅಂಟಿಸಬೇಕು. ಪಟ್ಟಿಯುದ್ದಕ್ಕೂ ಗರಗಸದ ಗೀರು ಹಾಕಿರುತ್ತಾರೆ, ಹಾವಿನ ಹಾಗೆ ಬಾಗುತ್ತದೆ. ಅಂಟು ಒಣಗುವವರೆಗೆ ಹಿಡಿದುಕೊಳ್ಳಲು ಒತ್ತೊತ್ತಾಗಿ ಬಟ್ಟೆ ಕ್ಲಿಪ್ಪು ಹಾಕುತ್ತಾರೆ. ಇದು ನನ್ನ ತರಲೆ ಅಲ್ಲ, ಪಳಗಿದ ಗಿಟಾರ್ ಕೆಲಸಗಾರರೂ ಹಾಗೇ ಮಾಡುತ್ತಾರೆ. ಮನೆಯಲ್ಲಿದ್ದದ್ದು ಸರಿಯಾಗಿ ಅರವತ್ತು. ಅರವತ್ತನ್ನೂ ತಂದೆ. ತಂತಿಯ ಮೇಲಿದ್ದ ಬಟ್ಟೆಗಳ ಬಗ್ಗೆ ಯೋಚಿಸಲಿಲ್ಲ. ಮೈಸೂರಿನ ಆಷಾಢದ ಗಾಳಿ ಯೋಚಿಸಿತು. ಹೆಂಡತಿಯ ಹೊಸ ಸೀರೆ ಮೂರನೇ ಮನೆಯ ತೆಂಗಿನ ಮರದಲ್ಲಿ ಸಿಕ್ಕಿತು. ಅಪ್ಪನ ಪಂಚೆ ಇವತ್ತಿಗೂ ಸಿಕ್ಕಿಲ್ಲ.

ಮುಂಭಾಗ ಸ್ಪ್ರೂಸ್, ಚಳಿ ದೇಶದ ಮರ. ಅದನ್ನು ದುಡ್ಡು ಕೊಟ್ಟೇ ತರಿಸಿದೆ. ದಪ್ಪ ಮೂರು ಮಿಲಿಮೀಟರಿಗೂ ಕಡಿಮೆ. ಆದರೆ ಆರು ಸ್ಟೀಲ್ ತಂತಿ ಬಿಗಿದಾಗ ಬೀಳುವ ಎಳೆತ ಸುಮಾರು 70 ಕೆಜಿ, ಅಂದರೆ ನಾನೇ ಅದರ ಮೇಲೆ ಜೋತುಬಿದ್ದ ಹಾಗೆ. ತಡೆದುಕೊಳ್ಳಲಿ ಅಂತ ಒಳಗೆ ಇಂಟು ಗುರುತಿನಂತೆ ಮರದ ಪಟ್ಟಿ ಅಂಟಿಸುತ್ತಾರೆ. ಪಟ್ಟಿಯನ್ನು ಕೆತ್ತುತ್ತಾ, ಹಲಗೆ ತಟ್ಟಿ ಸದ್ದು ಕೇಳುತ್ತಾ, ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸಬೇಕಂತೆ. ನಾನೂ ಗಂಭೀರವಾಗಿ ತಟ್ಟಿದೆ. ಅಮ್ಮ ಅಡುಗೆಮನೆಯಿಂದ "ಇನ್ನೂ ಎಳೇದು, ಕೊಬ್ಬರಿ ಬಲಿತಿಲ್ಲ" ಎಂದರು.

ಮುಂಭಾಗದ ದುಂಡು ತೂತಿನ, ಅಂದರೆ ಸೌಂಡ್‌ಹೋಲಿನ, ಸುತ್ತಲಿನ ಉಂಗುರವನ್ನು ಬೀಟೆಯಲ್ಲಿ ಚಿತ್ತಾರ ಕೂರಿಸುವ ಇನ್ಲೇ ಕೆಲಸ ಮಾಡುವವರೊಬ್ಬರು ಕೂರಿಸಿಕೊಟ್ಟರು. ಕೂದಲು ತೂರುವಷ್ಟೂ ಸಂದಿಲ್ಲ. ಇಡೀ ಗಿಟಾರಿನಲ್ಲಿ ಅದೊಂದೇ ಸರಿಯಾಗಿದೆ, ಏಕೆಂದರೆ ಅದನ್ನು ನಾನು ಮುಟ್ಟಿಲ್ಲ.

ಕತ್ತಿನ ಮೇಲೆ ಅಡ್ಡಡ್ಡ ಕೂರುವ ಲೋಹದ ಪಟ್ಟಿಗಳ, ಅಂದರೆ ಫ್ರೆಟ್‌ಗಳ, ಲೆಕ್ಕವನ್ನು ಮಾತ್ರ ಶ್ರದ್ಧೆಯಿಂದ ಮಾಡಿದೆ. ತಂತಿಯ ಉಳಿದ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸಿ, ಬಂದಷ್ಟು ದೂರಕ್ಕೆ ಮುಂದಿನ ಫ್ರೆಟ್ ಇಡುತ್ತಾ ಹೋದರೆ ಹನ್ನೆರಡನೇ ಫ್ರೆಟ್ ಸರಿಯಾಗಿ ಅರ್ಧಕ್ಕೆ ಬರುತ್ತದೆ. ಬಂತು! ಆ ಸಂಭ್ರಮದಲ್ಲಿ, ಮುಂಭಾಗದ ಮೇಲೆ ತಂತಿ ಕಟ್ಟುವ ಬ್ರಿಡ್ಜನ್ನೂ ಲೆಕ್ಕದ ಜಾಗದಲ್ಲೇ ಅಂಟಿಸಿದೆ. ಬೆರಳು ಒತ್ತಿದಾಗ ತಂತಿ ಇನ್ನಷ್ಟು ಬಿಗಿಯುತ್ತದೆ, ಅದಕ್ಕೆಂದು ಬ್ರಿಡ್ಜಿನ ಮೇಲೆ ತಂತಿ ಕೂರುವ ಎಲುಬಿನ ಪಟ್ಟಿ ಎರಡು ಮೂರು ಮಿಲಿಮೀಟರ್ ಹಿಂದಿರಬೇಕು ಎಂಬುದನ್ನು ಆಮೇಲೆ ಓದಿದೆ. ಹೀಗಾಗಿ ನನ್ನ ಗಿಟಾರಿನಲ್ಲಿ ಬ್ರಿಡ್ಜಿನ ಕಡೆಗಿರುವ ಫ್ರೆಟ್‌ಗಳೆಲ್ಲ ಅಪಸ್ವರ. ಮೊದಲ ಮೂರು ಫ್ರೆಟ್ ಪರವಾಗಿಲ್ಲ. ನನ್ನ ನಾಲ್ಕೂ ಕಾರ್ಡ್ ಅಲ್ಲೇ ಇರುವುದರಿಂದ ತೊಂದರೆ ಇಲ್ಲ.

ತಂತಿ ಕಟ್ಟಿದ ಸಂಜೆ ಎಲ್ಲರೂ ಹಾಲಿನಲ್ಲಿ ಕೂತರು. ಜಿ ನುಡಿಸಿದೆ. ನಾದ ಬಂತು ಕಣ್ರೀ, ನಿಜವಾದ ನಾದ! ಅಪ್ಪ ಪೇಪರ್ ಕೆಳಗಿಟ್ಟರು. ಆದರೆ ನಾದದ ಬೆನ್ನಿಗೇ ಸಣ್ಣಗೆ "ಝೀ..." ಎಂದು ಇನ್ನೇನೋ. ಸಿ ನುಡಿಸಿದರೆ ಇಲ್ಲ. ಮತ್ತೆ ಜಿ. "ಝೀ..."

ತಂತಿ ಬದಲಿಸಿದೆ, ಫ್ರೆಟ್ ಉಜ್ಜಿದೆ. ಕಡೆಗೆ ಹೆಂಡತಿಯ ಪುಟ್ಟ ಕನ್ನಡಿಯನ್ನು ಸೌಂಡ್‌ಹೋಲಿನೊಳಗೆ ತೂರಿಸಿ ಮೊಬೈಲ್ ಬೆಳಕು ಬಿಟ್ಟೆ. ಕೈ ಎಟುಕದ ಮೇಲಿನ ಮೂಲೆಯಲ್ಲಿ, ಬೆನ್ನುಹಲಗೆ ಮುಚ್ಚುವಾಗ ಸುರಿದಿದ್ದ ಅಂಟಿನಲ್ಲಿ, ಏನೋ ನೀಲಿ ಬಣ್ಣದ್ದು ಹೂತುಕೊಂಡಿತ್ತು. ಅದರ ಸ್ಪ್ರಿಂಗ್ ಮಾತ್ರ ಸ್ವತಂತ್ರವಾಗಿ ನಡುಗುತ್ತಿತ್ತು.

ಹೆಂಡತಿ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಐವತ್ತೊಂಬತ್ತೇ ವಾಪಸ್ ಬಂದಿತ್ತು," ಎಂದಳು. "ನಾನು ಎಣಿಸಿದ್ದೆ."