ಟೆನ್ಷನ್ ಮೈಯಲ್ಲೂ ಕೂತಿರುತ್ತದೆ
ಒತ್ತಡ ಬರೀ ಮನಸ್ಸಿನದಲ್ಲ, ಮೈಯದ್ದೂ ಹೌದು ಅನ್ನುತ್ತಾರಲ್ಲ, ಅದು ನೂರಕ್ಕೆ ನೂರು ನಿಜ. ಕೆಲಸ ಜಾಸ್ತಿಯಾದ ದಿನಗಳಲ್ಲಿ ನನಗೆ ಬೆಳಿಗ್ಗೆ ಏಳುವಾಗಲೇ ದವಡೆ ನೋಯುತ್ತಿತ್ತು. ರಾತ್ರಿಯೆಲ್ಲ ಹಲ್ಲು ಕಚ್ಚಿಕೊಂಡೇ ಮಲಗಿರುತ್ತಿದ್ದೆ, ಗೊತ್ತೇ ಆಗಿರಲಿಲ್ಲ. ಒತ್ತಡ ಬಂದಾಗ ಮೂತ್ರಪಿಂಡದ ಮೇಲೆ ಕೂತಿರುವ ಪುಟ್ಟ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಅನ್ನುವ ಹಾರ್ಮೋನುಗಳನ್ನು ಬಿಡುತ್ತವೆ, ಎದೆಬಡಿತ ಏರುತ್ತದೆ, ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ, ಸ್ನಾಯುಗಳು ಬಿಗಿಯಾಗುತ್ತವೆ, ಅಂದರೆ ಮೈ ಓಡೋಕೆ ತಯಾರಾಗಿರುತ್ತದೆ, ನಾವು ಮಾತ್ರ ಕುರ್ಚಿ ಬಿಟ್ಟು ಏಳುವುದಿಲ್ಲ, ಅಲ್ವಾ? ಅದಕ್ಕೇ ನಡಿಗೆ ಇಷ್ಟು ಉಪಯೋಗಕ್ಕೆ ಬರುವುದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ವ್ಯಾಯಾಮ ಬೇಕು ಅನ್ನುತ್ತದೆ. ಅಷ್ಟು ಆಗದಿದ್ದರೆ ದಿನಕ್ಕೆ 10 ನಿಮಿಷವಾದರೂ ಬಿರುಸಾಗಿ ನಡೆಯಿರಿ, ದಯವಿಟ್ಟು. ನನಗೆ ಮೊದಲು ಹೆಗಲು ಸಡಿಲವಾಯಿತು, ಆಮೇಲೆ ನಿದ್ದೆ ಸರಿಹೋಯಿತು. ದವಡೆ ನೋವು ಹೋಗೋಕೆ ಮಾತ್ರ 2 ತಿಂಗಳು ಹಿಡಿಯಿತು.