‘ಏನೂ ಬರುವುದಿಲ್ಲ’ ಎಂದು ಹೇಳಿದವರು ಯಾರು?

ಮಧ್ಯಾಹ್ನ ತೀರ್ಥಹಳ್ಳಿ ಪೇಟೆಯಿಂದ ಬಂದಾಗಿನಿಂದ ಸಿಟ್ಟು ಇಳಿದಿಲ್ಲ. ಬರೆದು ಮುಗಿಸದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ರದ್ದು ಮಾಡಿದ ವಿಮಾನ ಟಿಕೆಟ್ಟಿನ ಹಣದ ವಿಷಯ. ಉದ್ದವಾಗುತ್ತದೆ, ಆದರೂ ಪೂರ್ತಿ ಓದಿ. ನಿಮ್ಮ ಮನೆಯಲ್ಲೂ ಇದು ನಡೆಯಬಹುದು.

ನಮ್ಮ ಚಿಕ್ಕಪ್ಪ ಕಾಲು ಮುರಿದುಕೊಂಡ ಸಂಗತಿ ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಅಡಿಕೆಗೆ ಔಷಧಿ ಹೊಡೆಯುವವರು ಮಳೆ ಬಿಡುವು ಕೊಟ್ಟ ಹೊತ್ತಿಗೆ ಬಂದಿದ್ದರು. ಅವರಿಗೆ ಸುಣ್ಣ, ಮೈಲುತುತ್ತ ತೋರಿಸಲು ಅವಸರದಲ್ಲಿ ಹೊರಟ ಚಿಕ್ಕಪ್ಪ ತೋಟದ ಸಂಕದ ಮೇಲೆ ಜಾರಿಬಿಟ್ಟರು. ಅಡಿಕೆ ದಬ್ಬೆಯ ಕಾಲುಸೇತುವೆ, ಮೇಲೆ ಪಾಚಿ. ಎಪ್ಪತ್ತೊಂದು ವರ್ಷದ ಮೂಳೆ. ಮುಂದಿನ ವಾರ ಅವರಿಬ್ಬರೂ ಬೆಂಗಳೂರಿನಿಂದ ದೆಹಲಿಗೆ ಹೋಗಬೇಕಿತ್ತು. ಮಗಳ ಮಗುವಿನ ನಾಮಕರಣ, ಜೀವನದಲ್ಲಿ ಮೊದಲ ವಿಮಾನ. ಚಿಕ್ಕಮ್ಮ ಹಲಸಿನ ಹಪ್ಪಳವನ್ನು ಡಬ್ಬಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಹದಿನೈದು ದಿನದಿಂದ ತಯಾರಾಗಿ ಕುಳಿತಿದ್ದರು.

ಇವತ್ತು ಟಿಕೆಟ್ ರದ್ದು ಮಾಡಿಸಲು ಚಿಕ್ಕಮ್ಮನ ಜೊತೆ ನಾನೂ ಹೋಗಿದ್ದೆ. ಟಿಕೆಟ್ ಮಾಡಿಕೊಟ್ಟ ಅಂಗಡಿಯ ಹುಡುಗ ಕಾಗದ ನೋಡಿದ, ಪರದೆ ನೋಡಿದ. “ಅಮ್ಮ, ಇದು ನಾನ್‌-ರಿಫಂಡೆಬಲ್ ಟಿಕೆಟ್. ರದ್ದು ಮಾಡಿದರೂ ಏನೂ ಬರುವುದಿಲ್ಲ” ಎಂದ. ಚಿಕ್ಕಮ್ಮ “ಹೌದೇನಪ್ಪ, ಆಯಿತು” ಎಂದರು. ಆ ಕಾಗದವನ್ನು ಮೊದಲಿನ ಮಡಿಕೆಯಲ್ಲೇ ನಾಲ್ಕಾಗಿ ಮಡಚಿ, ಕೈಚೀಲದೊಳಗೆ ಔಷಧಿ ಚೀಟಿಯ ಪಕ್ಕದಲ್ಲಿಟ್ಟು, ಎದ್ದು ನಿಂತರು. ಹನ್ನೆರಡು ಸಾವಿರದ ಒಂಬೈನೂರು ರೂಪಾಯಿ. ಒಂದು ಪ್ರಶ್ನೆಯಿಲ್ಲ.

ನನಗೆ ಸಿಟ್ಟು ಬಂದದ್ದು ಆ ಮಡಿಕೆ ನೋಡಿ. ಹುಡುಗನ ಮೇಲಲ್ಲ. ಅವನಿಗೂ ಆ ಮಾತನ್ನು ಯಾರೋ ಹೇಳಿಕೊಟ್ಟಿದ್ದಾರೆ, ಅವನು ನಂಬಿದ್ದಾನೆ. ಸಿಟ್ಟು ಆ ಪದದ ಮೇಲೆ. ‘ನಾನ್‌-ರಿಫಂಡೆಬಲ್’ ಎಂಬ ಒಂದು ಪದವನ್ನು ಟಿಕೆಟ್ಟಿನ ಮೇಲೆ ಅಚ್ಚು ಹಾಕಿ, ಅದರ ಅರ್ಥ ‘ಏನೂ ಬರುವುದಿಲ್ಲ’ ಎಂದು ಊರೂರಿಗೆ ನಂಬಿಸಿರುವುದರ ಮೇಲೆ. ಅದರ ಅರ್ಥ ಅದಲ್ಲ.

“ಮೊತ್ತದ ವಿವರ ತೆಗೆದು ತೋರಿಸಪ್ಪ” ಎಂದೆ. ಅವನು ತೋರಿಸಿದ. ಇಬ್ಬರದೂ ಸೇರಿ ಮೂಲ ದರ ಮತ್ತು ಇಂಧನದ ಬಾಬ್ತು 10,200. ಅಂಗಡಿಯ ಸೇವಾ ಶುಲ್ಕ 500. ಉಳಿದ 2,200 ರೂಪಾಯಿ ಏನು? ಜಿಎಸ್‌ಟಿ, ವಿಮಾನ ನಿಲ್ದಾಣದ ಬಳಕೆದಾರರ ಅಭಿವೃದ್ಧಿ ಶುಲ್ಕ, ಭದ್ರತಾ ಶುಲ್ಕ. ಇವು ವಿಮಾನ ಕಂಪನಿಯ ಸಂಪಾದನೆಯಲ್ಲ. ಸರ್ಕಾರಕ್ಕೆ ಮತ್ತು ನಿಲ್ದಾಣಕ್ಕೆ ಸಲ್ಲಬೇಕಾದದ್ದನ್ನು ಕಂಪನಿ ನಮ್ಮಿಂದ ಪಡೆದಿಟ್ಟುಕೊಂಡಿರುತ್ತದೆ, ಅಷ್ಟೇ. ಚಿಕ್ಕಪ್ಪ ಬೆಂಗಳೂರಿನ ನಿಲ್ದಾಣದ ಹೊಸ್ತಿಲನ್ನೇ ತುಳಿಯುವುದಿಲ್ಲ ಎಂದಮೇಲೆ ಆ ನಿಲ್ದಾಣದ ಬಳಕೆಯ ಶುಲ್ಕ ಅವರಿಂದ ಯಾಕೆ?

ಇದು ನನ್ನ ವಾದವಲ್ಲ, ನಿಯಮ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಮಾಡಿದ ನಿಯಮ 2016ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ಪ್ರಯಾಣಿಕ ಟಿಕೆಟ್ ರದ್ದು ಮಾಡಲಿ, ವಿಮಾನ ಹತ್ತದೇ ಉಳಿಯಲಿ, ಶಾಸನಬದ್ಧ ತೆರಿಗೆಗಳನ್ನೂ ನಿಲ್ದಾಣದ ಶುಲ್ಕಗಳನ್ನೂ ಮರಳಿಸಲೇಬೇಕು. ರಿಯಾಯಿತಿ ದರದ ಟಿಕೆಟ್ಟಿಗೂ ಇದು ಅನ್ವಯ. ಮೂಲ ದರ ಮರಳುವುದಿಲ್ಲ ಎಂದು ಬರೆದಿರುವ ಟಿಕೆಟ್ಟಿಗೂ ಅನ್ವಯ ಎಂದು ಆ ನಿಯಮದಲ್ಲೇ ಬಿಡಿಸಿ ಹೇಳಿದೆ. ರದ್ದತಿ ಶುಲ್ಕವು ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರುವಂತಿಲ್ಲ. ಹಣ ಮರಳಿಸುವ ಕೆಲಸಕ್ಕೆಂದು ಕಂಪನಿ ಬೇರೆ ಶುಲ್ಕ ಹಾಕುವಂತಿಲ್ಲ. ಏಜೆಂಟರ ಮೂಲಕ ತೆಗೆದ ಟಿಕೆಟ್ಟಾದರೂ ಹಣ ಮರಳಿಸುವ ಹೊಣೆ ಕಂಪನಿಯದೇ. ರದ್ದು ಮಾಡಿದರೆ ಎಷ್ಟು ಬರುತ್ತದೆ ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕಾದದ್ದೂ ಅದರ ಕೆಲಸವೇ. ಇಷ್ಟೆಲ್ಲ ಇದ್ದೂ ನಮ್ಮ ಪೇಟೆಯ ಅಂಗಡಿಯಲ್ಲಿ ‘ಏನೂ ಬರುವುದಿಲ್ಲ’!

ಬೆಂಗಳೂರಿನಲ್ಲಿರುವ ನನ್ನ ಮೈದುನ ಫೋನಿನಲ್ಲಿ ಹೇಳಿದ: “ಅತ್ತಿಗೆ, ಕಡಿಮೆ ದರಕ್ಕೆ ಸಿಗುತ್ತದೆ ಎಂದು ತೆಗೆದುಕೊಂಡಿದ್ದೀರಿ. ವಾಪಸು ಬೇಕೆನ್ನುವವರು ಹೆಚ್ಚು ಕೊಟ್ಟು ಬೇರೆ ಟಿಕೆಟ್ ತೆಗೆಯಬೇಕು. ಷರತ್ತು ಒಪ್ಪಿಕೊಂಡ ಮೇಲೆ ಕೇಳುವುದು ಸರಿಯಲ್ಲ.” ಮೂಲ ದರದ ಮಟ್ಟಿಗೆ ಅವನ ಮಾತನ್ನು ಒಪ್ಪುತ್ತೇನೆ. ಖಾಲಿ ಉಳಿದ ಆಸನದಿಂದ ಕಂಪನಿಗೂ ನಷ್ಟವಿದೆ. ಆ 10,200ರ ಆಸೆ ಬಿಟ್ಟಿದ್ದೇನೆ. ಆದರೆ ತೆರಿಗೆಯ ವಿಷಯದಲ್ಲಿ ಚಿಕ್ಕಮ್ಮ ಯಾವ ಷರತ್ತನ್ನೂ ಒಪ್ಪಿಲ್ಲ. ಒಪ್ಪಿಸಿಕೊಳ್ಳುವ ಅಧಿಕಾರವೂ ಕಂಪನಿಗಿಲ್ಲ. ‘ಎರಡು ಸಾವಿರ ತಾನೇ’ ಎಂದೂ ಅಂದ. ಅಡಿಕೆ ಸುಲಿಯುವ ಹೆಂಗಸರು ಎರಡು ಸಾವಿರ ಕೈಗೆ ಬರಲು ಎಷ್ಟು ದಿನ ಕತ್ತಿಯ ಮುಂದೆ ಕೂರಬೇಕು ಎಂದು ಅವನಿಗೂ ಗೊತ್ತು, ಇದೇ ಮನೆಯಲ್ಲಿ ಬೆಳೆದವನು. ಬೆಂಗಳೂರಿಗೆ ಹೋದಮೇಲೆ ಮರೆತಿದ್ದಾನೆ.

ಅಂಗಡಿಯಲ್ಲಿ ಇನ್ನೂ ಕೆಲವು ದಾರಿಗಳನ್ನು ಕೇಳಿ ನೋಡಿದೆವು. ಚಿಕ್ಕಪ್ಪನ ಬದಲು ಅವರ ತಮ್ಮ ಹೋಗಬಹುದೇ? ಆಗುವುದಿಲ್ಲ, ಟಿಕೆಟ್ ಇನ್ನೊಬ್ಬರ ಹೆಸರಿಗೆ ವರ್ಗವಾಗುವುದಿಲ್ಲ. ಒಂದೇ ಬುಕಿಂಗ್ ಸಂಖ್ಯೆಯಲ್ಲಿ ಇಬ್ಬರ ಟಿಕೆಟ್ ಇದ್ದರೂ ಒಬ್ಬರದನ್ನು ಮಾತ್ರ ರದ್ದು ಮಾಡಬಹುದು, ಚಿಕ್ಕಮ್ಮ ಒಬ್ಬರೇ ಹೋಗಬಹುದಿತ್ತು. ಅವರು ಹೋಗುವುದಿಲ್ಲ, ಆ ಮಾತೇ ಬೇಡ. ದಿನಾಂಕ ಬದಲಿಸುವುದು ಮೂರನೆಯ ದಾರಿ. ಎಷ್ಟೋ ಸಲ ರದ್ದತಿಗಿಂತ ಇದೇ ಲಾಭ, ಏಕೆಂದರೆ ಮೂಲ ದರ ಮುಳುಗುವುದಿಲ್ಲ. ಬದಲಾವಣೆಯ ಶುಲ್ಕ ಮತ್ತು ದರದ ವ್ಯತ್ಯಾಸ ಕೊಟ್ಟರೆ ಸಾಕು, ಆದರೆ ವಿಮಾನ ಹೊರಡುವ ಮೊದಲೇ ಮಾಡಬೇಕು. ಚಿಕ್ಕಪ್ಪನಿಗೆ ದೀಪಾವಳಿಯವರೆಗೆ ಓಡಾಟವಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಹಬ್ಬದ ವಾರದ ದರ ನೋಡಿ ಚಿಕ್ಕಮ್ಮ ತಲೆ ಅಲ್ಲಾಡಿಸಿದರು. ಆಸ್ಪತ್ರೆಯ ಕಾಗದ ಕೊಟ್ಟರೆ ಕೆಲವು ಕಂಪನಿಗಳು ಕನಿಕರ ತೋರುವುದುಂಟು, ಅದು ಅವರ ಇಷ್ಟ. ನಾವೂ ಡಿಸ್ಚಾರ್ಜ್ ಚೀಟಿಯ ಫೋಟೋ ಸೇರಿಸಿ ಕೋರಿಕೆ ಕಳಿಸಿದ್ದೇವೆ. ಪ್ರಯಾಣ ವಿಮೆ ಮಾಡಿಸಿದ್ದರೆ ಇಲ್ಲಿ ನೆರವಿಗೆ ಬರುತ್ತಿತ್ತು. ಅದನ್ನು ಯಾರೂ ನಮಗೆ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಈಗ ನನ್ನದೇ ಒಂದು ವಿಷಯ ಹೇಳಬೇಕು. ಇದುವರೆಗೆ ಯಾರಿಗೂ ಹೇಳಿಲ್ಲ. ಅಪ್ಪಯ್ಯ ತೀರಿಕೊಂಡಾಗ ನನ್ನ ಹತ್ತಿರ ಮುಂಬಯಿಗೆ ಹೋಗುವ ಟಿಕೆಟ್ ಇತ್ತು, ಮಾರನೆಯ ದಿನದ್ದು. ಹದಿಮೂರು ದಿನ ಕಳೆದ ಮೇಲೆ ಅದರ ನೆನಪಾಯಿತು. ಅಪ್ಪಯ್ಯನ ಸೂತಕದ ಮನೆಯಲ್ಲಿ ಕುಳಿತು ಟಿಕೆಟ್ಟಿನ ಹಣ ಕೇಳುವುದೇ, ಛೆ, ಎಂದು ಸುಮ್ಮನಾದೆ. ಹತ್ತದೇ ಉಳಿದ ಟಿಕೆಟ್ಟಿನ ತೆರಿಗೆ ಆಗಲೂ ನನ್ನದೇ ಆಗಿತ್ತು, ಕೇಳಿದ್ದರೆ ಕೊಡಬೇಕಿತ್ತು. ನಾಚಿಕೆಯಿಂದ ಬಿಟ್ಟೆ. ಇವತ್ತು ಚಿಕ್ಕಮ್ಮ “ಆಯಿತು” ಎಂದು ಎದ್ದು ನಿಂತಾಗ ನನಗೆ ಕಂಡದ್ದು ಅದೇ ನಾಚಿಕೆ. ನಾವು ಮಲೆನಾಡಿನವರು ಕೊಟ್ಟ ಸಾಲವನ್ನೇ ಬಾಯಿಬಿಟ್ಟು ಕೇಳುವುದಿಲ್ಲ. ಮನೆಗೆ ಬಂದ ಸಾಲಗಾರನಿಗೆ ಕಾಫಿ ಕೊಟ್ಟು, ಮಳೆಯ ಮಾತಾಡಿ ಕಳಿಸುತ್ತೇವೆ. ನೆರೆಹೊರೆಯವರ ನಡುವೆ ಈ ಸಂಕೋಚ ನನಗೆ ಇಷ್ಟವೇ. ವಿಮಾನ ಕಂಪನಿಯ ಮುಂದೆ ಅದು ಯಾಕೆ ಬೇಕು?

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಲ್ಲಿ ಕಳೆದ ಮಳೆಗಾಲ ಕಂಡದ್ದನ್ನೂ ಹೇಳುತ್ತೇನೆ. 2023ರ ಆಗಸ್ಟ್ 31ರಂದು ಅಲ್ಲಿಗೆ ಬೆಂಗಳೂರಿನಿಂದ ಮೊದಲ ವಿಮಾನ ಬಂದ ದಿನ ನಾವೆಲ್ಲ ಎಷ್ಟು ಸಂತೋಷಪಟ್ಟಿದ್ದೆವು! ಕುವೆಂಪು ಅವರ ಹೆಸರಿನ ನಿಲ್ದಾಣ, ನಮ್ಮ ಜಿಲ್ಲೆಯದು. ಆದರೆ ನಮ್ಮ ಮಳೆ, ನಮ್ಮ ಮಂಜು ಎಂಥವು ಎಂದು ನಮಗೇ ಗೊತ್ತಲ್ಲ. ಪಕ್ಕದ ಮನೆಯ ಅಣ್ಣ ಅಲ್ಲಿಂದ ಬೆಂಗಳೂರಿಗೆ ಹೋಗಬೇಕಿತ್ತು. ಹಿಂದಿನ ಸಂಜೆ ಮಳೆ ಹಿಡಿದದ್ದು ನೋಡಿ, ವಿಮಾನ ಬರುವುದಿಲ್ಲ ಎಂದು ತಾವೇ ಟಿಕೆಟ್ ರದ್ದು ಮಾಡಿ ರಾತ್ರಿ ಬಸ್ಸು ಹತ್ತಿದರು. ಮೂಲ ದರವೆಲ್ಲ ಹೋಯಿತು. ಅದೇ ವಿಮಾನಕ್ಕೆ ನಾನೂ ಹೋಗುವವಳಿದ್ದೆ. ಬೆಳಿಗ್ಗೆ ನಾವು ಕಾದು ನಿಂತಿದ್ದಾಗ ರನ್‌ವೇಯ ಆಚೆ ತುದಿಯೇ ಕಾಣುತ್ತಿರಲಿಲ್ಲ. ವಿಮಾನ ಇಳಿಯಲಾಗದೆ ಹಿಂದಕ್ಕೆ ಹೋಯಿತು, ಕಂಪನಿಯೇ ಪ್ರಯಾಣವನ್ನು ರದ್ದು ಮಾಡಿತು.

ಕಂಪನಿ ತಾನಾಗಿ ರದ್ದು ಮಾಡಿದರೆ ಮಾತೇ ಬೇರೆ. ಆಗ ನಾನ್‌-ರಿಫಂಡೆಬಲ್ ಎಂಬ ಪದಕ್ಕೆ ಬೆಲೆಯಿಲ್ಲ. ಬೇರೆ ವಿಮಾನ ಬೇಕೆಂದರೆ ಕೊಡಬೇಕು, ಬೇಡವೆಂದರೆ ಪೂರ್ತಿ ಹಣ ಮರಳಿಸಬೇಕು. ಹವಾಮಾನದ ಕಾರಣಕ್ಕೆ ರದ್ದಾದರೆ ಪರಿಹಾರದ ಹಣ ಸಿಗುವುದಿಲ್ಲ ಎಂಬುದು ನಿಜ, ಆದರೆ ಟಿಕೆಟ್ಟಿನ ಹಣ ಸಿಗುತ್ತದೆ. ಕೌಂಟರಿನಲ್ಲಿ ನಮಗೆ “ಮುಂದಿನ ಪ್ರಯಾಣಕ್ಕೆ ಬಳಸಿಕೊಳ್ಳಬಹುದು, ಹಣ ನಿಮ್ಮ ಖಾತೆಯಲ್ಲಿ ಜಮಾ ಇರುತ್ತದೆ” ಎಂದರು. ಖಾತೆ ಎಂದರೆ ನಮ್ಮ ಬ್ಯಾಂಕ್ ಖಾತೆಯಲ್ಲ, ಅವರದೇ ಕಂಪನಿಯ ಲೆಕ್ಕದ ಪುಸ್ತಕ. ಹಣ ಅಲ್ಲಿ ಇರಬೇಕೋ ನಮ್ಮ ಕೈಗೆ ಬರಬೇಕೋ ಎಂಬುದು ಪ್ರಯಾಣಿಕನ ಆಯ್ಕೆ ಎಂದು ಅದೇ ಡಿಜಿಸಿಎ ನಿಯಮ ಹೇಳುತ್ತದೆ. “ನನಗೆ ಹಣವೇ ಬೇಕು” ಎಂದೆ. ಹಣ ಬಂತು. ನನ್ನ ಹಿಂದೆ ನಿಂತಿದ್ದ ನಾಲ್ಕು ಜನ ಅಷ್ಟರಲ್ಲಾಗಲೇ ತಲೆಯಾಡಿಸಿ ಹೋಗಿದ್ದರು.

ಆದ್ದರಿಂದ ಮಳೆಗಾಲದ ಟಿಕೆಟ್ ಇದ್ದವರು ಹೆದರಿ ಮೊದಲೇ ರದ್ದು ಮಾಡಬೇಡಿ. ಕಂಪನಿ ಏನು ಹೇಳುತ್ತದೆ ಎಂದು ಕೊನೆಯವರೆಗೆ ಕಾಯಿರಿ. ಟಿಕೆಟ್ ತೆಗೆಯುವಾಗಲೇ ದಿನಾಂಕ ತಪ್ಪಿದ್ದರೆ ಮಾತ್ರ ಒಂದು ಗಳಿಗೆಯೂ ಕಾಯಬೇಡಿ. ದೇಶದೊಳಗಿನ ಪ್ರಯಾಣಕ್ಕೆ ಕನಿಷ್ಠ 7 ದಿನ ಇದ್ದರೆ, ಟಿಕೆಟ್ ತೆಗೆದ ಮೇಲೆ ನಿಯಮ ಕೊಟ್ಟಿರುವ ಅಲ್ಪ ಅವಧಿಯೊಳಗೆ ದಂಡವಿಲ್ಲದೆ ರದ್ದು ಮಾಡುವ ಅವಕಾಶವಿದೆ. ನನ್ನ ಗೆಳತಿಯ ಮಗಳು ಜೂನ್ ಎನ್ನುವ ಕಡೆ ಜುಲೈ ಒತ್ತಿ, ರಾತ್ರಿ ಹತ್ತು ಗಂಟೆಗೆ ಗೊತ್ತಾಗಿ, ಕಂಪನಿಯ ಜಾಲತಾಣದಲ್ಲೇ ರದ್ದು ಮಾಡಿ ಪೂರ್ತಿ ಹಣ ಪಡೆದಳು. ಮನೆಯವರು ಬೆಳಿಗ್ಗೆ ಅಂಗಡಿಗೆ ಹೋಗಿ ವಿಚಾರಿಸೋಣ ಎಂದಿದ್ದರಂತೆ. ಅವಳು ಅವರ ಮಾತು ಕೇಳಲಿಲ್ಲ.

ಇವತ್ತಿನ ವಿಷಯಕ್ಕೆ ಬರುತ್ತೇನೆ. ಅಂಗಡಿಯ ಹುಡುಗ ಕೊನೆಗೆ ಒಳಗಿನಿಂದ ಕುರ್ಚಿ ತಂದು ಕೂರಿಸಿದ. ರದ್ದು ಮಾಡುವ ಪುಟದಲ್ಲಿ ಮರಳುವ ಮೊತ್ತ ಎಂದು 2,200 ತಾನಾಗಿಯೇ ಮೂಡಿತು! ಅವನು ಆ ಅಂಕಿಯನ್ನು ನೋಡಿ ನನ್ನ ಮುಖ ನೋಡಿದ. “ಮೇಡಂ, ಇದುವರೆಗೆ ಎಷ್ಟೋ ಜನರಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದೇನೆ” ಎಂದು ಮೆಲ್ಲಗೆ ಹೇಳಿದ. ನನಗೆ ಅವನ ಮೇಲೆ ಪ್ರೀತಿಯೇ ಬಂತು. ಅವರಲ್ಲಿ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿ ತಿಳಿಸುತ್ತೇನೆ ಎಂದಿದ್ದಾನೆ.

ಹಣ ಬಾರದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ಜಾಲತಾಣದಲ್ಲಿ ದೂರು ಕೊಡುತ್ತೇನೆ. ಗ್ರಾಹಕ ಸಹಾಯವಾಣಿ 1915 ಇದೆ. ಅದಕ್ಕೂ ಆಗದಿದ್ದರೆ ಶಿವಮೊಗ್ಗದ ಗ್ರಾಹಕ ಆಯೋಗಕ್ಕೆ ನಾನೇ ಚಿಕ್ಕಮ್ಮನನ್ನು ಕರೆದುಕೊಂಡು ಹೋಗುತ್ತೇನೆ. ಮನೆಗೆ ಬಂದ ಕೂಡಲೇ ಅವರು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತಿನ ತಾರೀಕಿನ ಚೌಕದೊಳಗೆ, ಹಾಲಿನ ಲೆಕ್ಕದ ಕೆಳಗೆ, ಪೆನ್ಸಿಲಿನಲ್ಲಿ ‘2200 ಬರಬೇಕು’ ಎಂದು ಬರೆದರು. ಆಮೇಲೆ ಹಪ್ಪಳದ ಡಬ್ಬಿಯ ಬಟ್ಟೆ ಬಿಚ್ಚಿ, ನಾಲ್ಕು ಹಪ್ಪಳ ಸುಟ್ಟು, ಚಿಕ್ಕಪ್ಪನ ಮಂಚದ ಹತ್ತಿರ ತೆಗೆದುಕೊಂಡು ಹೋದರು.