ಸಾಹೇಬರು ಬರುವ ದಿನದ ಕಾರ್ಖಾನೆ

ಬೆಳಗಾವಿಯ ಉದ್ಯಮಬಾಗದಲ್ಲಿ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವ ಯಾವುದಾದರೂ ಫೌಂಡ್ರಿಯ ಗೋಡೆ ಮೇಲೆ ಹಸಿ ಸುಣ್ಣ ಕಂಡರೆ, ನಾಳೆ ಅಲ್ಲಿ ತಪಾಸಣೆ ಇದೆ ಅಂತ ತಿಳಿಯಬೇಕು. 14 ತಿಂಗಳಿಗೊಮ್ಮೆ ಸುಣ್ಣ ಬಳಿಯಿರಿ ಅಂತ 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. ಮಾಲೀಕರ ಲೆಕ್ಕ ಅದಕ್ಕಿಂತ ಸರಳ. ಸಾಹೇಬರು ಬರುವ ಹಿಂದಿನ ರಾತ್ರಿ ಬಳಿದರೆ ಸಾಕು. ಹಾಗಾಗಿ ಅನುಭವ ಇರುವ ಅಧಿಕಾರಿಗಳು ಬಿಳಿ ಅಂಗಿ ಹಾಕಿಕೊಂಡೇ ಬರುತ್ತಾರೆ. ಗೋಡೆಗೆ ಒರಗಿದರೂ ಕಾಣುವುದಿಲ್ಲ.

ಸುಣ್ಣ ಒಣಗುವಷ್ಟರಲ್ಲಿ ಸ್ಟೋರ್ ರೂಮಿನ ಬಾಗಿಲು ತೆರೆಯುತ್ತದೆ. ಬೆಲ್ಟ್ ಗಾರ್ಡ್‌ಗಳು ಹೊರಗೆ ಬರುತ್ತವೆ. ತಿರುಗುವ ಯಂತ್ರಕ್ಕೆ ಕೈ ಸಿಗದಂತೆ ಮರೆ ಇರಬೇಕು ಎನ್ನುವುದು ಕಾನೂನು. ಮರೆ ಇದ್ದರೆ ಬೆಲ್ಟ್ ಜಾರಿದಾಗ ಬಿಚ್ಚಿ ಹಾಕೋಕೆ ಟೈಮ್ ಜಾಸ್ತಿ ಹಿಡಿಯುತ್ತದೆ ಎನ್ನುವುದು ಸೂಪರ್‌ವೈಸರ್ ವಾದ. ವರ್ಷವಿಡೀ ಸೂಪರ್‌ವೈಸರ್ ಗೆಲ್ಲುತ್ತಾರೆ, ಒಂದು ದಿನ ಕಾನೂನು ಗೆಲ್ಲುತ್ತದೆ. ಗಾರ್ಡ್ ಮೇಲೆ ಒಂದು ಗೀರೂ ಇರುವುದಿಲ್ಲ. ಗೀರುಗಳೆಲ್ಲ ಹುಡುಗರ ಕೈ ಮೇಲೆ.

ಆಮೇಲೆ ಹೆಲ್ಮೆಟ್ ಹಂಚಿಕೆ.

"ಏ ತಮ್ಮಾ, ಹೆಲ್ಮೆಟ್ ಹಾಕ್ಕೋ. ಸಾಹೇಬ್ರು ಬರಾಕತ್ತಾರ."

"ಯಣ್ಣಾ, ಇದು ನನ್ನ ತಲಿಗಿ ಹಿಡಿಯಂಗಿಲ್ರಿ."

"ನಿನ್ನ ತಲಿ ಯಾರ್ ನೋಡ್ತಾರೋ? ಹೆಲ್ಮೆಟ್ ನೋಡ್ತಾರ. ಸುಮ್ನ ಇಟ್ಕೊಂಡು ನಿಂದ್ರು."

ಎಲ್ಲರಿಗೂ ಸಾಲುವಷ್ಟು ಹೆಲ್ಮೆಟ್ ಇರುವುದಿಲ್ಲ. ಸಾಹೇಬರು ಮೋಲ್ಡಿಂಗ್ ವಿಭಾಗ ನೋಡಿ ಚಹಾಕ್ಕೆ ಕೂತಾಗ, ಅದೇ ಹೆಲ್ಮೆಟ್‌ಗಳು ಹಿಂದಿನ ಬಾಗಿಲಿನಿಂದ ಗ್ರೈಂಡಿಂಗ್ ವಿಭಾಗಕ್ಕೆ ಓಡುತ್ತವೆ. ಚಹಾ ಮುಗಿಯೋದು ತಡವಾಗಲಿ ಅಂತಲೇ ಕುಂದಾ ತರಿಸಿರುತ್ತಾರೆ. 150 ಕಾರ್ಮಿಕರಿಗೆ ಒಂದು ಪ್ರಥಮ ಚಿಕಿತ್ಸೆ ಪೆಟ್ಟಿಗೆ ಅಂತ ಲೆಕ್ಕ ಕೊಟ್ಟ ಕಾಯ್ದೆ, ಒಬ್ಬ ಸಾಹೇಬರಿಗೆ ಎಷ್ಟು ಕೆಜಿ ಕುಂದಾ ಅಂತ ಹೇಳಿಲ್ಲ. ಅದನ್ನು ಮಾಲೀಕರೇ ಅಂದಾಜು ಮಾಡಬೇಕು. ಪೆಟ್ಟಿಗೆಯಂತೂ ಇದ್ದೇ ಇರುತ್ತದೆ, ಬೀಗ ಹಾಕಿಕೊಂಡು. ಕೀಲಿ ಮಾಲೀಕರ ಮನೆಯಲ್ಲಿ. ಬೆಂಕಿ ಆರಿಸಲು ಸಾಲಾಗಿ ತೂಗು ಹಾಕಿದ ಕೆಂಪು ಬಕೆಟ್‌ಗಳಲ್ಲಿ ಮರಳಿಗಿಂತ ಗುಟ್ಕಾ ಉಗುಳೇ ಹೆಚ್ಚು. ಸುತ್ತ ರಾಶಿ ರಾಶಿ ಮರಳು ಬಿದ್ದಿರುವ ಫೌಂಡ್ರಿಯಲ್ಲಿ ಈ ಸ್ಥಿತಿ!

ಆದರೆ ಅವತ್ತು ಭಟ್ಟಿ ಉರಿಯುವುದಿಲ್ಲ. ಮೆಂಟೇನೆನ್ಸ್ ಅಂತೆ. ಸುಮಾರು 1,400 ಡಿಗ್ರಿಯ ಕರಗಿದ ಕಬ್ಬಿಣವನ್ನು ಲ್ಯಾಡಲ್ ಎಂಬ ದೊಡ್ಡ ಸೌಟಿನಲ್ಲಿ ಹಿಡಿದು ಹವಾಯಿ ಚಪ್ಪಲಿಯಲ್ಲಿ ನಡೆಯುವ ಹುಡುಗರನ್ನು ಸಾಹೇಬರು ಕಾಣುವುದೇ ಇಲ್ಲ. ಮರಳಿನ ಅಚ್ಚು ಒಡೆಯುವ ಕೆಲಸವೂ ಬಂದ್. ಹಾಗಾಗಿ ದೂಳಿಲ್ಲ. ಆ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತರೆ ಏಳುವುದಿಲ್ಲ, ಸಿಲಿಕೋಸಿಸ್ ಗುಣವಾಗುವ ಕಾಯಿಲೆಯೂ ಅಲ್ಲ. ಆದರೆ ಆರೋಗ್ಯ ತಪಾಸಣೆ ರಿಜಿಸ್ಟರ್ ತೆಗೆದು ನೋಡಿ. ಎಲ್ಲರ ಕಣ್ಣು 6/6, ಎಲ್ಲರ ಬಿಪಿ 120/80. ಇಡೀ ಫೌಂಡ್ರಿಗೆ ಒಂದೇ ಬಿಪಿ. ಸಹಿಗಳೂ ಒಂದೇ ಕೈಯವು. ಇಷ್ಟೊಂದು ಒಗ್ಗಟ್ಟು ಯಾವ ಕಾರ್ಮಿಕ ಸಂಘದಲ್ಲೂ ನಾನು ಕಂಡಿಲ್ಲ.

ರಿಜಿಸ್ಟರ್‌ನಲ್ಲಿ ಹೆಸರುಗಳೆಷ್ಟು ಎನ್ನುವುದು ಇನ್ನೂ ಸೊಗಸು. ಹಳೆ ಕಾಯ್ದೆಯಲ್ಲಿ ಕರೆಂಟ್ ಬಳಸುವ ಕಡೆ 10 ಜನ ಇದ್ದರೆ ಅದು ಕಾರ್ಖಾನೆ. ಹಾಗಾಗಿ ಊರ ತುಂಬ 9 ಜನರ ಶೆಡ್‌ಗಳಿದ್ದವು. 2025ರ ನವೆಂಬರ್ 21ರಿಂದ ಕಾರ್ಮಿಕರ ಸುರಕ್ಷತೆ, ಆರೋಗ್ಯದ ಹೊಸ ಸಂಹಿತೆ ಜಾರಿಗೆ ಬಂದು ಆ ಗಡಿ 20ಕ್ಕೆ ಏರಿತು. ಈಗ ರಿಜಿಸ್ಟರ್‌ನಲ್ಲಿ ಧೈರ್ಯವಾಗಿ 19 ಹೆಸರು ಬರೆಯಬಹುದು. ಒಂದೇ ರಾತ್ರಿಯಲ್ಲಿ ಶೆಡ್ಡಿಗೆ 10 ಉದ್ಯೋಗ ಸೃಷ್ಟಿ, ಅದೂ ಒಬ್ಬರನ್ನೂ ಹೊಸದಾಗಿ ಸೇರಿಸಿಕೊಳ್ಳದೆ! ಉಳಿದವರು ತಪಾಸಣೆ ದಿನ ರಜೆಯ ಮೇಲೆ. ಸಂಬಳ ಇಲ್ಲದ ರಜೆ, ಹೇಳಬೇಕಾಗಿಲ್ಲ.

ಇನ್ನು ಬೋರ್ಡಿನ ಮಾತಿಗೆ ಬಂದರೆ, ನಮ್ಮ ಬೆಳಗಾವಿಯಷ್ಟು ಬೋರ್ಡು ಓದುವ ಊರು ಇನ್ನೊಂದಿಲ್ಲ. ಅಂಗಡಿ ಬೋರ್ಡಿನಲ್ಲಿ ಕನ್ನಡ ಎಷ್ಟಿದೆ, ಮರಾಠಿ ಎಷ್ಟಿದೆ ಅಂತ ದೂರದಿಂದಲೇ ಅಳೆಯುತ್ತೇವೆ. ಕಾಯ್ದೆಯ ಸಾರಾಂಶವನ್ನು ಇಂಗ್ಲಿಷ್ ಜೊತೆ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ತೂಗು ಹಾಕಿ ಅಂತ ಆ ಹಳೆ ಕಾಯ್ದೆಯೇ ಹೇಳಿತ್ತು. ಅದು ಇಂಗ್ಲಿಷ್‌ನಲ್ಲಿ ಮಾತ್ರ ಇದೆ, ಆಫೀಸಿನ ಕಪಾಟಿನ ಹಿಂದೆ. ಒಳಗೆ ಕೆಲಸ ಮಾಡುವವರು ಬಿಹಾರ, ಉತ್ತರ ಪ್ರದೇಶದವರು. ಈ ಬೋರ್ಡಿಗಾಗಿ ಇವತ್ತಿನವರೆಗೂ ಯಾರೂ ಚನ್ನಮ್ಮ ವೃತ್ತದಲ್ಲಿ ಧರಣಿ ಕೂತಿಲ್ಲ.

2023ರ ಡಿಸೆಂಬರ್‌ನಲ್ಲಿ ವಿಜಯಪುರದ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಮೆಕ್ಕೆಜೋಳದ ರಾಶಿಯಡಿ ಸಿಲುಕಿ 7 ಕಾರ್ಮಿಕರು ಸತ್ತರು. ಬಿಹಾರದಿಂದ ದುಡಿಯಲು ಬಂದವರು. ಜೋಳವೂ ಕೊಲ್ಲುತ್ತದೆ ಅಂತ ಗೊತ್ತಾಗಲು ನಮಗೆ ಅಷ್ಟು ಹೆಣ ಬೇಕಾಯಿತು. ಇಂಥದ್ದು ನಡೆದಾಗಲೆಲ್ಲ ಎಲ್ಲ ಕಡೆ ತಪಾಸಣೆ ಮಾಡಿ ಅಂತ ಆದೇಶ ಹೊರಡುತ್ತದೆ. ಆದೇಶಕ್ಕಿಂತ ಮೊದಲು ಸುದ್ದಿ ಹೊರಡುತ್ತದೆ.

ಹೊಸ ಸಂಹಿತೆಯಲ್ಲಿ ಎಲ್ಲಿ ತಪಾಸಣೆ ಅಂತ ಕಂಪ್ಯೂಟರ್ ಚೀಟಿ ಎತ್ತುವ ಏರ್ಪಾಡೂ ಇದೆ. ಇರಲಿ. ನನ್ನದೊಂದು ಸಣ್ಣ ಸಲಹೆ. ಸಾಹೇಬರು ಒಂದು ರಾತ್ರಿ ಪಾಳಿಗೆ ಲುಂಗಿ ಉಟ್ಟು, ಹವಾಯಿ ಚಪ್ಪಲಿ ಹಾಕಿಕೊಂಡು ಕೆಲಸ ಕೇಳಿಕೊಂಡು ಬರಲಿ. ಗೇಟಿನಲ್ಲಿ ಯಾರೂ ತಡೆಯುವುದಿಲ್ಲ. ಹೆಲ್ಮೆಟ್ ಕೊಡುವುದಿಲ್ಲ, ಊರು ಕೇಳುವುದಿಲ್ಲ, ನೇರವಾಗಿ ಲ್ಯಾಡಲ್ ಕೈಗೆ ಕೊಡುತ್ತಾರೆ. ರಿಜಿಸ್ಟರ್‌ನಲ್ಲಿ ಮಾತ್ರ ಅವರ ಹೆಸರು ಬರೆಯುವುದಿಲ್ಲ. ಬರೆದರೆ 20 ಆಗಿಬಿಡುತ್ತದಲ್ಲ!